ಮಾತನಾಡಿಸಿ ಬರುವುದು: ಅಗಲಿಕೆಯ ದುಃಖದಲ್ಲಿ ಕನ್ನಡ ಕ್ರೈಸ್ತರ ಸಾಂತ್ವನ



ದತ್ತಿ ಉಪನ್ಯಾಸವೆಂಬ ಪದ್ಧತಿಯೇ ಒಂದು ಬಗೆಯ ಶೋಕಾಚರಣೆಯಾಗಿದೆ. ಕರ್ನಾಟಕದ ಪರಿಷತ್ತುಗಳಲ್ಲಿ, ಕಾಲೇಜುಗಳಲ್ಲಿ, ಸಂಘಗಳಲ್ಲಿ ನಡೆಯುವ ದತ್ತಿ ಕಾರ್ಯಕ್ರಮಗಳ ಹೆಸರುಗಳನ್ನು ಗಮನಿಸಿದರೆ, ಅವುಗಳಲ್ಲಿ ಬಹಳಷ್ಟು ತೀರಿಹೋದ ತಂದೆತಾಯಿಯರ, ಸಂಗಾತಿಯ, ಕೆಲವೊಮ್ಮೆ ಅಕಾಲದಲ್ಲಿ ಹೋದ ಮಕ್ಕಳ ಹೆಸರಿನಲ್ಲಿರುವುದು ಕಾಣುತ್ತದೆ. ಮೂಲಧನವನ್ನು ಠೇವಣಿಯಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಒಂದು ಸಭೆ ಸೇರಿಸಿ, ಅಗಲಿದವರ ಹೆಸರು ನಾಲ್ಕು ಜನರ ಕಿವಿಗೆ ಬೀಳುವಂತೆ ಮಾಡುವುದು ಅದರ ಹಿಂದಿರುವ ಆಸೆ. ಆದ್ದರಿಂದ ಅಗಲಿಕೆಯ ದುಃಖವನ್ನು ಕುರಿತ ವಿಚಾರಕ್ಕೆ ಇಂತಹ ವೇದಿಕೆ ಹೊರಗಿನದಲ್ಲ.

ಈ ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ಹೇಳುವುದು ಉಚಿತ. ಆಪ್ತರನ್ನು ಕಳೆದುಕೊಂಡವರಿಗೆ ಕ್ರೈಸ್ತ ಧರ್ಮ ಯಾವ ಬಗೆಯ ಸಾಂತ್ವನವನ್ನು ನೀಡುತ್ತದೆ, ಆ ಸಾಂತ್ವನ ಕನ್ನಡದ ನೆಲದಲ್ಲಿ ಯಾವ ಮಾತುಗಳನ್ನು ತೊಟ್ಟು ಬಂದಿದೆ ಎಂಬುದು ಇಲ್ಲಿನ ಪ್ರಶ್ನೆ. ಮೊದಲು ಸಾವಿಗೂ ಸಮಾಧಾನಕ್ಕೂ ಬಳಕೆಯಾಗುವ ಪದಗಳನ್ನು, ಅನಂತರ ಕಣ್ಣೀರಿನ ಬಗ್ಗೆ ಕ್ರೈಸ್ತ ಪರಂಪರೆಯ ನಿಲುವನ್ನು, ಮೂರನೆಯದಾಗಿ ಮಣ್ಣಿನ ವಿಧಿಗಳನ್ನು, ಕೊನೆಗೆ ಸಾವಿನ ಮನೆಗೆ ಹೋಗಿ ಬರುವವರ ಕರ್ತವ್ಯವನ್ನು ಪರಿಶೀಲಿಸಲಾಗುವುದು. ಸ್ವರ್ಗ ನರಕಗಳ ಸ್ವರೂಪದ ಚರ್ಚೆ ಇಲ್ಲಿಲ್ಲ. ಅದು ದೇವಶಾಸ್ತ್ರದ ತರಗತಿಗೆ ಸೇರಿದ್ದು, ಮಗನನ್ನು ಮಣ್ಣಿಗಿಟ್ಟು ಬಂದ ತಾಯಿಯ ಮುಂದೆ ಯಾರೂ ಅದನ್ನು ಎತ್ತುವುದಿಲ್ಲ, ಎತ್ತಬಾರದು.

ಮೊದಲಿಗೆ ಪದಗಳ ವಿಚಾರ. ಜಗಳೂರು, ದಾವಣಗೆರೆಗಳ ಈ ಸೀಮೆಯಲ್ಲಿ ಸಾವಿನ ಮನೆಗೆ ಭೇಟಿ ಕೊಡುವುದಕ್ಕೆ 'ಮಾತನಾಡಿಸಿಕೊಂಡು ಬರುವುದು' ಎನ್ನುತ್ತಾರೆ. ಶವಸಂಸ್ಕಾರಕ್ಕೆ ಹೋಗುವುದು 'ಮಣ್ಣಿಗೆ ಹೋಗುವುದು', ಹೂಳುವುದು 'ಮಣ್ಣು ಮಾಡುವುದು'. ಇವು ಯಾವುದೇ ಒಂದು ಮತದ ಮಾತುಗಳಲ್ಲ. ಲಿಂಗಾಯತರೂ ನಾಯಕರೂ ಮುಸಲ್ಮಾನರೂ ಕ್ರೈಸ್ತರೂ ಇವನ್ನೇ ಆಡುತ್ತಾರೆ. ಮತದ ಗುರುತು ಕಾಣಿಸಿಕೊಳ್ಳುವುದು ಸತ್ತವರು ಎಲ್ಲಿಗೆ ಹೋದರು ಎಂದು ಹೇಳುವಾಗ. ಶಿವಭಕ್ತರು ಶಿವೈಕ್ಯರಾಗುತ್ತಾರೆ, ಲಿಂಗೈಕ್ಯರಾಗುತ್ತಾರೆ, ವೈಷ್ಣವರು ವೈಕುಂಠವಾಸಿಗಳಾಗುತ್ತಾರೆ, ಜೈನ ಮುನಿಗಳು ಜಿನೈಕ್ಯರಾಗುತ್ತಾರೆ. ಕನ್ನಡ ಕ್ರೈಸ್ತರ ಮರಣಪತ್ರಿಕೆಗಳಲ್ಲಿ 'ಕರ್ತನಲ್ಲಿ ನಿದ್ರೆಹೋದರು', 'ಪ್ರಭುವಿನ ಸನ್ನಿಧಿ ಸೇರಿದರು' ಎಂಬ ಮಾತುಗಳಿರುತ್ತವೆ.

ಇವುಗಳಲ್ಲಿ 'ನಿದ್ರೆ' ಎಂಬುದನ್ನು ಸ್ವಲ್ಪ ವಿವರಿಸಬೇಕು. ಯೋಹಾನನ ಸುವಾರ್ತೆಯಲ್ಲಿ, ಅಂದರೆ ಯೇಸುವಿನ ಜೀವನವನ್ನು ಹೇಳುವ ನಾಲ್ಕು ಗ್ರಂಥಗಳಲ್ಲಿ ಕೊನೆಯದರಲ್ಲಿ, ಬೇಥಾನ್ಯ ಎಂಬ ಊರಿನ ಲಾಜರನು ಸತ್ತಾಗ ಯೇಸು ಅವನು ನಿದ್ರಿಸುತ್ತಿದ್ದಾನೆಂದು ಹೇಳುತ್ತಾನೆ. ಶಿಷ್ಯರು ಅದನ್ನು ನಿಜವಾದ ನಿದ್ರೆಯೆಂದೇ ತಿಳಿದು, ಮಲಗಿದ್ದರೆ ಗುಣವಾದಾನೆಂದು ಸಮಾಧಾನಪಡುತ್ತಾರೆ.  ಕ್ರೈಸ್ತರ ಹೂಳುವ ಜಾಗಕ್ಕೆ ಗ್ರೀಕ್ ಭಾಷೆಯಲ್ಲಿ 'ಕೊಯ್ಮೆತೇರಿಯೊನ್' ಎಂಬ ಹೆಸರು ಬಂದದ್ದೂ ಇದೇ ಭಾವನೆಯಿಂದ. ಅದರ ಅರ್ಥ ಮಲಗುವ ಮನೆ. ನಿದ್ರೆಯೆಂದರೆ ಎಚ್ಚರವೂ ಉಂಟೆಂದಾಯಿತು. ಆ ಎಚ್ಚರಕ್ಕೆ ಕ್ರೈಸ್ತ ಧರ್ಮ ಇಟ್ಟ ಹೆಸರು ಪುನರುತ್ಥಾನ, ಎಂದರೆ ಸತ್ತವರು ದೇವರ ಶಕ್ತಿಯಿಂದ ಮತ್ತೆ ಏಳುವುದು.

ಸಾಂತ್ವನವನ್ನು ಹೇಳುವ ಪದಗಳು ಇನ್ನೂ ಸ್ವಾರಸ್ಯಕರವಾಗಿವೆ. ಬೈಬಲ್ ಸಮಗ್ರವಾಗಿ ಕನ್ನಡಕ್ಕೆ ಬಂದದ್ದು 1831ರಲ್ಲಿ. ಆ ಕೆಲಸ ನಡೆದದ್ದು ಜಗಳೂರು ತಾಲ್ಲೂಕಿಗೆ ದೂರವಲ್ಲದ ಬಳ್ಳಾರಿಯಲ್ಲಿ, 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದೀರ್ಘ ಪರಿಶ್ರಮದಿಂದ. ಅನಂತರದ ಪರಿಷ್ಕರಣೆಗಳಲ್ಲಿ ನೆಲೆಯೂರಿದ ಒಂದು ಪದ 'ಸಮಾಧಾನ'. ಇಬ್ರಿಯ ಭಾಷೆಯ ಶಾಲೋಮ್, ಎಂದರೆ ಕೊರತೆಯಿಲ್ಲದ ಕ್ಷೇಮ, ಎಂಬುದಕ್ಕೆ ಅದು ಸಂವಾದಿ. ಕನ್ನಡದಲ್ಲಿ ಈ ಪದಕ್ಕೆ ಒಬ್ಬ ಒಡಹುಟ್ಟಿದವನಿದ್ದಾನೆ, ಅದೇ 'ಸಮಾಧಿ'. ಎರಡೂ ಚೆನ್ನಾಗಿ ಒಂದೆಡೆ ಇಡು, ನೆಲೆಗೊಳಿಸು ಎಂಬರ್ಥದ ಒಂದೇ ಸಂಸ್ಕೃತ ಮೂಲದಿಂದ ಬಂದವು. ಸತ್ತವರನ್ನು ಸಮಾಧಿ ಮಾಡಿ ಬದುಕಿದವರಿಗೆ ಸಮಾಧಾನ ಹೇಳುವ ಕನ್ನಡಿಗ ಒಂದೇ ಕೆಲಸವನ್ನು ಎರಡು ಸಲ ಮಾಡುತ್ತಾನೆ ಎಂದರೆ ಅದು ಬರಿಯ ಶಬ್ದಚಮತ್ಕಾರವಾಗಲಾರದು.

ಮೂಲ ಗ್ರೀಕಿನಲ್ಲಿ ಸಂತೈಸುವುದಕ್ಕೆ ಬಳಸಿದ ಕ್ರಿಯಾಪದದ ಅಕ್ಷರಾರ್ಥ ಪಕ್ಕಕ್ಕೆ ಕರೆಯುವುದು ಎಂದು. ಅದರಿಂದಲೇ ಹುಟ್ಟಿದ 'ಪರಾಕ್ಲೆತೋಸ್', ಎಂದರೆ ಕರೆದಾಗ ಪಕ್ಕಕ್ಕೆ ಬಂದು ನಿಲ್ಲುವವನು, ಯೋಹಾನನಲ್ಲಿ ಪವಿತ್ರಾತ್ಮನ ಹೆಸರು. ಕನ್ನಡ ಬೈಬಲ್ ಅದನ್ನು 'ಸಹಾಯಕ' ಎಂದು ಮಾಡಿಕೊಂಡಿದೆ. ಈ ಪದದಲ್ಲಿ ವಿವರಣೆ ಕೊಡುವ ಭಾವ ಇಲ್ಲವೆಂಬುದನ್ನು ಮುಂದಿನ ವಿಚಾರಕ್ಕಾಗಿ ನೆನಪಿಡಬೇಕು. ದುಃಖಿತನಿಗೆ ಏಕೆ ಹೀಗಾಯಿತೆಂದು ತಿಳಿಸಿಕೊಡುವವನು ಪರಾಕ್ಲೆತೋಸ್ ಅಲ್ಲ. ಬಂದು ಪಕ್ಕದಲ್ಲಿ ನಿಲ್ಲುವವನು.

ಈಗ ಎರಡನೆಯ ವಿಷಯವಾದ ಕಣ್ಣೀರಿನ ಕಡೆಗೆ ತಿರುಗಬಹುದು. ನಂಬಿಕೆಯಿದ್ದವರು ಅಳಬಾರದು, ಅತ್ತರೆ ಪುನರುತ್ಥಾನದಲ್ಲಿ ಭರವಸೆ ಸಾಲದೆಂದಾಗುತ್ತದೆ ಎಂಬ ಅಭಿಪ್ರಾಯ ಕ್ರೈಸ್ತ ಕುಟುಂಬಗಳಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಆಧಾರವಾಗಿ ಸಂತ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರವನ್ನು ತೋರಿಸುವುದುಂಟು. ಕ್ರಿ.ಶ. 50ರ ಸುಮಾರಿಗೆ ಬರೆದ ಆ ಪತ್ರ ಹೊಸ ಒಡಂಬಡಿಕೆಯ ಅತ್ಯಂತ ಹಳೆಯ ಬರಹಗಳಲ್ಲಿ ಒಂದು. ಕ್ರಿಸ್ತನು ತಮ್ಮ ಜೀವಮಾನದಲ್ಲೇ ಮರಳಿ ಬರುವನೆಂದು ಕಾದಿದ್ದ ಆ ಸಣ್ಣ ಸಭೆಯಲ್ಲಿ ಕೆಲವರು ಅಷ್ಟರೊಳಗೆ ತೀರಿಕೊಂಡರು. ಹೋದವರ ಗತಿಯೇನೆಂದು ಉಳಿದವರು ಕಳವಳಗೊಂಡರು. ಅವರಿಗೆ ಪೌಲನು ಕೊಟ್ಟ ಉತ್ತರವನ್ನು ಎಚ್ಚರದಿಂದ ಓದಿದರೆ, ದುಃಖಪಡಬೇಡಿರಿ ಎಂಬಲ್ಲಿಗೆ ಅದು ನಿಲ್ಲುವುದಿಲ್ಲ; ಭರವಸೆಯೇ ಇಲ್ಲದವರ ಹಾಗೆ ದುಃಖಪಡಬೇಡಿರಿ ಎಂಬುದು ಅದರ ತಾತ್ಪರ್ಯ. ಅಲ್ಲಿ ನಿಷೇಧಿತವಾದದ್ದು ದುಃಖದ ಒಂದು ರೀತಿ, ದುಃಖವೇ ಅಲ್ಲ. ಈ ಅರ್ಧ ವಾಕ್ಯವನ್ನು ಬಿಟ್ಟು ಓದಿದ್ದರಿಂದ ಎಷ್ಟು ವಿಧವೆಯರು ಸೆರಗನ್ನು ಬಾಯಿಗೆ ಒತ್ತಿಕೊಂಡು ಪ್ರಾರ್ಥನೆಗೆ ಕುಳಿತಿರಬಹುದೋ ಲೆಕ್ಕವಿಟ್ಟವರಿಲ್ಲ.

ಬೈಬಲ್ ಸ್ವತಃ ಅಳುವವರಿಂದ ತುಂಬಿದೆ. ತನ್ನ ಮೇಲೆಯೇ ದಂಗೆಯೆದ್ದ ಮಗ ಅಬ್ಷಾಲೋಮನು ಸತ್ತ ಸುದ್ದಿ ಬಂದಾಗ ದಾವೀದ ರಾಜನು ಗೆಲುವಿನ ದಿನವನ್ನೇ ಗೋಳಿನ ದಿನವನ್ನಾಗಿ ಮಾಡಿ, ಮಗನ ಹೆಸರನ್ನು ಮತ್ತೆಮತ್ತೆ ಕೂಗುತ್ತಾ ಮಾಳಿಗೆಯ ಕೋಣೆ ಸೇರುತ್ತಾನೆ. ಸೇನಾಪತಿ ಬಂದು ಗದರಿಸಿದ ಮೇಲೆಯೇ ಅವನು ಎದ್ದು ಜನರ ಮುಂದೆ ಕುಳಿತದ್ದು. ಯೆರೂಸಲೇಮ್ ಹಾಳಾದಾಗಿನ ಗೋಳು ಒಂದು ಇಡೀ ಗ್ರಂಥವೇ ಆಗಿ, ಪ್ರಲಾಪಗಳು ಎಂಬ ಹೆಸರಿನಲ್ಲಿ ಪವಿತ್ರ ಗ್ರಂಥದೊಳಗೆ ಸೇರಿಕೊಂಡಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಲಾಜರನ ಗೋರಿಯ ಪ್ರಸಂಗ. ಕೆಲವೇ ಗಳಿಗೆಗಳಲ್ಲಿ ಸತ್ತವನನ್ನು ಎಬ್ಬಿಸಲಿದ್ದೇನೆಂದು ಬಲ್ಲ ಯೇಸು, ಅವನ ಸೋದರಿ ಮರಿಯಳೂ ಅವಳೊಡನೆ ಬಂದವರೂ ಅಳುವುದನ್ನು ಕಂಡು ತಾನೂ ಕಣ್ಣೀರಿಟ್ಟನೆಂದು ಸುವಾರ್ತೆ ಹೇಳುತ್ತದೆ. ಮುಂದಿನ ಸಂತೋಷ ಖಚಿತವಾಗಿ ಗೊತ್ತಿದ್ದವನೇ ಈಗಿನ ದುಃಖಕ್ಕೆ ಅತ್ತ ಮೇಲೆ, ಗೊತ್ತಿಲ್ಲದವರು ಅಳುವುದನ್ನು ಅಪನಂಬಿಕೆಯೆನ್ನಲು ಯಾವ ಆಧಾರವೂ ಉಳಿಯುವುದಿಲ್ಲ.

ಪರಂಪರೆಯ ದೊಡ್ಡವರು ಈ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. ಸಂತ ಅಗಸ್ಟೀನನ ತಾಯಿ ಮೋನಿಕ ಕ್ರಿ.ಶ. 387ರಲ್ಲಿ ರೋಮಿನ ಬಳಿಯ ಒಸ್ತಿಯ ಬಂದರಿನಲ್ಲಿ ತೀರಿಕೊಂಡಾಗ, ಅವನ ಮಗ ಹೋ ಎಂದು ಅತ್ತದ್ದನ್ನು ಸುತ್ತಲಿದ್ದವರು ಸುಮ್ಮನಾಗಿಸಿದರು. ಅಗಸ್ಟೀನನೂ ಕಣ್ಣೀರನ್ನು ಬಲವಂತವಾಗಿ ತಡೆದುಕೊಂಡು, ಸ್ನಾನದಿಂದ ಮನಸ್ಸಿನ ಭಾರ ಇಳಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಸ್ನಾನಕ್ಕೂ ಹೋದನು. ಭಾರ ಇಳಿಯಲಿಲ್ಲ. ಒಂದು ನಿದ್ರೆ ಮುಗಿಸಿ ಎದ್ದಾಗ, ಏಕಾಂತದಲ್ಲಿ ಕಟ್ಟೆಯೊಡೆದು ಅತ್ತನೆಂದೂ, ಅದನ್ನು ಪಾಪವೆಂದು ಭಾವಿಸುವವರು ನಗುವ ಬದಲು ತನಗಾಗಿ ಅಳಲೆಂದೂ ತನ್ನ 'ಆತ್ಮನಿವೇದನೆ'ಯಲ್ಲಿ ಬರೆದಿದ್ದಾನೆ. ಮಾರ್ಟಿನ್ ಲೂಥರನ ಹದಿಮೂರು ವರ್ಷದ ಮಗಳು ಮಗ್ದಲೇನ 1542ರ ಸೆಪ್ಟೆಂಬರಿನಲ್ಲಿ ತಂದೆಯ ತೋಳಿನಲ್ಲೇ ಪ್ರಾಣ ಬಿಟ್ಟಳು. ಅವಳು ಕ್ಷೇಮವಾಗಿದ್ದಾಳೆಂದು ಬಲ್ಲೆ, ಆದರೂ ಇಷ್ಟು ದುಃಖವಾಗುವುದು ಎಂತಹ ವಿಚಿತ್ರ ಎಂಬರ್ಥದ ಮಾತನ್ನು ಆ ಮಹಾ ಸುಧಾರಕ ಆಡಿದನೆಂದು ದಾಖಲೆಯಿದೆ.

ಕನ್ನಡನಾಡಿನಲ್ಲೇ ಒಂದು ಉದಾಹರಣೆ ಇದೆ, ಅದನ್ನು ಸಾಮಾನ್ಯವಾಗಿ ಬೇರೆ ಕಾರಣಕ್ಕೆ ನೆನೆಯಲಾಗುತ್ತದೆ. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರು 1860ರಲ್ಲಿ ಪೌಲೀನ್ ಅವರನ್ನು ಮದುವೆಯಾದರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ 'ಕಥಾಮಾಲೆ'ಯನ್ನು ಪ್ರಕಟಿಸಿದರು. 1864ರಲ್ಲಿ ಪತ್ನಿಯನ್ನು ಕಳೆದುಕೊಂಡರು. ಅಲ್ಲಿಂದ ಮೂವತ್ತು ವರ್ಷಗಳ ಮೇಲೆ, 1894ರಲ್ಲಿ, ಅವರ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂತು. ಆ ಮೂವತ್ತು ವರ್ಷಗಳನ್ನು ದುಃಖದ ಫಲವೆಂದು ವರ್ಣಿಸುವುದು ಕಾದಂಬರಿಕಾರರಿಗೆ ಬಿಟ್ಟ ಕೆಲಸ, ಇಲ್ಲಿ ಅಂತಹ ಊಹೆಯಿಲ್ಲ. ಆದರೆ 'ಅಗಲ್' ಎಂಬ ಧಾತುವಿಗೆ ದೂರವಾಗುವುದು ಎಂಬ ಅರ್ಥವೂ ಅದರ ನಂಟಿನ 'ಅಗಲ'ಕ್ಕೆ ವಿಸ್ತಾರ ಎಂಬ ಅರ್ಥವೂ ಇರುವುದನ್ನು ಒಂದೊಂದಾಗಿ ಬರೆದಿಟ್ಟ ಕೈ, ಆ ಪದವನ್ನು ಪುಸ್ತಕದಿಂದ ಮಾತ್ರ ಕಲಿತ ಕೈಯಲ್ಲ ಎಂಬುದಷ್ಟು ನಿಶ್ಚಯ.

ಕಣ್ಣೀರಿಗೆ ಅವಧಿಯುಂಟೇ ಎಂಬ ಪ್ರಶ್ನೆಗೆ ಕಥೋಲಿಕರ ಬೈಬಲ್ಲಿನಲ್ಲಿರುವ ಸಿರಾಖನ ಗ್ರಂಥ ಬಹಳ ಲೌಕಿಕವಾದ ಉತ್ತರ ಕೊಡುತ್ತದೆ: ಜನ ಆಡಿಕೊಳ್ಳದ ಹಾಗೆ ಒಂದೆರಡು ದಿನ ಚೆನ್ನಾಗಿ ಅತ್ತು, ಆಮೇಲೆ ಸಮಾಧಾನ ಮಾಡಿಕೊಳ್ಳಬೇಕೆಂಬುದು ಅದರ ಸಲಹೆ. ಜನಾಪವಾದಕ್ಕೆ ಅಂಜುವ ಹಳ್ಳಿಯ ಹಿರಿಯನೊಬ್ಬ ಜಗುಲಿಯ ಮೇಲೆ ಕುಳಿತು ಹೇಳುವಂತಿರುವ ಈ ಮಾತು ಕೂಡ ಪವಿತ್ರ ಗ್ರಂಥದಲ್ಲಿದೆ.

ಇನ್ನು ಮೂರನೆಯದು, ಮಣ್ಣಿನ ವಿಧಿಗಳು. ಇಲ್ಲಿ ಕ್ರೈಸ್ತರೊಳಗೇ ಎರಡು ದಾರಿಗಳಿವೆ. ಕಥೋಲಿಕರು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ದೇವರ ಸನ್ನಿಧಿಗೆ ಸೇರುವ ಮೊದಲು ಆತ್ಮವು ಶುದ್ಧಿಗೊಳ್ಳುವ ಒಂದು ಸ್ಥಿತಿಯುಂಟು, ಬದುಕಿರುವವರ ಪ್ರಾರ್ಥನೆ ಅದಕ್ಕೆ ನೆರವಾಗುತ್ತದೆ ಎಂಬುದು ಅವರ ನಂಬಿಕೆ. ಏಳನೆಯ ದಿನ, ಮೂವತ್ತನೆಯ ದಿನ, ವರ್ಷಾಂತ್ಯಗಳಲ್ಲಿ ಅವರ ಹೆಸರಿನಲ್ಲಿ ಬಲಿಪೂಜೆ ಅರ್ಪಿಸುವುದು, ನವೆಂಬರ್ 2ರಂದು ಸಮಾಧಿಗಳನ್ನು ಹೂವು ಮೊಂಬತ್ತಿಗಳಿಂದ ಅಲಂಕರಿಸಿ ತೀರ್ಥ ಚಿಮುಕಿಸುವುದು ಅದರ ರೂಪಗಳು. ಆ ದಿನವನ್ನು ಗೊತ್ತುಮಾಡಿದವನು ಫ್ರಾನ್ಸಿನ ಕ್ಲೂನಿ ಮಠದ ಓದಿಲೋ, ಸುಮಾರು ಸಾವಿರ ವರ್ಷಗಳ ಹಿಂದೆ. ಪ್ರೊಟೆಸ್ಟೆಂಟರು, ಎಂದರೆ ಬಾಸೆಲ್ ಮತ್ತು ವೆಸ್ಲಿಯನ್ ಮಿಷನ್ನುಗಳ ಪರಂಪರೆಯಿಂದ ಬಂದು ದಕ್ಷಿಣ ಭಾರತ ಸಭೆಯಲ್ಲಿ ಒಂದುಗೂಡಿದವರೂ ಇತರರೂ, ಸತ್ತವರಿಗಾಗಿ ಬೇಡುವುದಿಲ್ಲ. ಅವರ ಬದುಕಿಗಾಗಿ ಕೃತಜ್ಞತೆ ಸಲ್ಲಿಸುತ್ತಾರೆ, ಉಳಿದವರಿಗಾಗಿ ಬೇಡುತ್ತಾರೆ. ಸತ್ತವರು ಈಗಾಗಲೇ ದೇವರ ಕೈಯಲ್ಲಿದ್ದಾರೆ ಎಂಬ ನಿಶ್ಚಿಂತೆ ಒಂದು ಕಡೆ, ಅವರಿಗಾಗಿ ಇನ್ನೂ ಏನಾದರೂ ಮಾಡಬಲ್ಲೆವು ಎಂಬ ನೆಮ್ಮದಿ ಇನ್ನೊಂದು ಕಡೆ. ಸಿದ್ಧಾಂತದಲ್ಲಿ ಇವೆರಡೂ ಕೂಡುವುದಿಲ್ಲ. ದುಃಖದಲ್ಲಿರುವ ಮನಸ್ಸಿಗೆ ಇವೆರಡೂ ಬೇಕೆನಿಸುತ್ತದೆ.

ಸುತ್ತಮುತ್ತ ಮೂರನೆಯ ದಿನ ಹಾಲುತುಪ್ಪ ಬಿಡುವ, ತಿಥಿ ಮಾಡುವ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆಯಿಡುವ ಜನರ ನಡುವೆ ಬದುಕುವ ಹಳ್ಳಿಯ ಕ್ರೈಸ್ತ ಕುಟುಂಬಕ್ಕೆ ಈ ವ್ಯತ್ಯಾಸ ಪುಸ್ತಕದ ವಿಷಯವಲ್ಲ. ಎಡೆಯಿಡದಿದ್ದರೆ ಹೆತ್ತವರನ್ನು ಮರೆತರೆಂಬ ಮಾತು ಬರುತ್ತದೆ, ಇಟ್ಟರೆ ಸಭೆಯಲ್ಲಿ ಪ್ರಶ್ನೆ ಬರುತ್ತದೆ. ಕಥೋಲಿಕರಿಗೆ ನವೆಂಬರ್ 2 ಈ ಇಕ್ಕಟ್ಟಿನಿಂದ ಸ್ವಲ್ಪ ಬಿಡುಗಡೆ ಕೊಟ್ಟಿದೆ, ಪ್ರೊಟೆಸ್ಟೆಂಟರಿಗೆ ವಾರ್ಷಿಕ ಸ್ಮರಣೆಯ ಕೂಟ ಕೊಟ್ಟಿದೆ. ಲಿಂಗಾಯತರು ಕುಳಿತ ಭಂಗಿಯಲ್ಲಿ, ಕೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಹೂಳುತ್ತಾರೆ. ಕ್ರೈಸ್ತರು ಮಲಗಿಸಿ ಹೂಳುತ್ತಾರೆ. ಭಂಗಿ ಬೇರೆಯಾದರೂ ನೆರೆದ ಪ್ರತಿಯೊಬ್ಬರೂ ಹಿಡಿ ಮಣ್ಣು ಹಾಕುವುದು ಎರಡೂ ಕಡೆ ಒಂದೇ, ಆ ಹಿಡಿ ಮಣ್ಣಿಗೆ ಜಾತಿ ಕೇಳಿದವರು ಕಡಿಮೆ. ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಎಲ್ಲ ಮತದವರೂ ಹರಕೆ ಹೊತ್ತು ಬರುವ ಜಿಲ್ಲೆಯಲ್ಲಿ ಇದು ಆಶ್ಚರ್ಯವೂ ಅಲ್ಲ.

ವಿಧಿಗಳು ಸದಾ ಸಾಂತ್ವನವನ್ನೇ ನೀಡಿವೆ ಎಂದರೆ ಸತ್ಯಕ್ಕೆ ದೂರವಾಗುತ್ತದೆ. 1917ರ ಕಥೋಲಿಕ ಧರ್ಮಸಂಹಿತೆ ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸಿತ್ತು. ಜ್ಞಾನಸ್ನಾನಕ್ಕೆ, ಎಂದರೆ ನೀರಿನಿಂದ ಸಭೆಗೆ ಸೇರಿಸುವ ಸಂಸ್ಕಾರಕ್ಕೆ, ಮೊದಲೇ ಸತ್ತ ಕೂಸುಗಳ ಬಗ್ಗೆಯೂ ಶತಮಾನಗಳ ಕಾಲ ತಾಯಂದಿರಿಗೆ ಗಟ್ಟಿ ಭರವಸೆಯ ಮಾತು ಸಿಗಲಿಲ್ಲ. 1983ರ ಸಂಹಿತೆ ಆತ್ಮಹತ್ಯೆಯ ಆ ಹೆಸರಿಸಿದ ನಿಷೇಧವನ್ನು ಕೈಬಿಟ್ಟಿತು. 2007ರಲ್ಲಿ ರೋಮಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗವು ಅಂತಹ ಕೂಸುಗಳ ರಕ್ಷಣೆಯನ್ನು ನಿರೀಕ್ಷಿಸಲು ಕಾರಣಗಳಿವೆ ಎಂದಿತು. ಮಳೆ ಕೈಕೊಟ್ಟ ವರ್ಷ ಸಾಲಕ್ಕೆ ಅಂಜಿ ಪ್ರಾಣ ಬಿಟ್ಟ ರೈತನ ಮನೆಯ ಬಾಗಿಲಲ್ಲಿ ನಿಂತವರಿಗೆ, ಈ ಬದಲಾವಣೆ ಎಷ್ಟು ತಡವಾಗಿ ಬಂತೆಂಬುದು ತಿಳಿದೀತು.

ಬಣ್ಣ ಮತ್ತು ಭಾಷೆಗಳೂ ಬದಲಾದವು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಲತೀನಿನ ಜಾಗದಲ್ಲಿ ಕನ್ನಡ ಬಂತು. 1969ರ ಹೊಸ ಶವಸಂಸ್ಕಾರ ವಿಧಿಯು ಅಂತಿಮ ತೀರ್ಪಿನ ಭಯವನ್ನು ಹಿಂದಕ್ಕೆ ಸರಿಸಿ ಕ್ರಿಸ್ತನ ಪುನರುತ್ಥಾನವನ್ನು ಮುಂದಕ್ಕೆ ತಂದಿತು, ಕಪ್ಪು ಉಡುಪು ಒಂದೇ ಎಂಬ ಕಟ್ಟನ್ನು ಸಡಿಲಿಸಿತು. ಅಜ್ಜಿಯ ದೇಹದ ಮುಂದೆ ಗುರುಗಳು ಏನು ಹೇಳುತ್ತಿದ್ದಾರೆಂದು ಮೊಮ್ಮಗುವಿಗೆ ಅರ್ಥವಾದದ್ದು ಆಗಲೇ.

ಕೊನೆಯ ವಿಷಯ, ಮಾತನಾಡಿಸಿ ಬರುವವರದು. ಯೋಬನ ಗ್ರಂಥದಲ್ಲಿ ಆಸ್ತಿಯನ್ನೂ ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನನ್ನು ಸಂತೈಸಲು ಮೂವರು ಸ್ನೇಹಿತರು ದೂರದ ಊರುಗಳಿಂದ ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತಿರುತ್ತಾರೆ. ಅಲ್ಲಿಗೆ ಎದ್ದು ಹೋಗಿದ್ದರೆ ಅವರಷ್ಟು ಒಳ್ಳೆಯ ಸ್ನೇಹಿತರು ಬೈಬಲ್ಲಿನಲ್ಲಿ ಇನ್ನೊಬ್ಬರಿರುತ್ತಿರಲಿಲ್ಲ. ಎಂಟನೆಯ ದಿನದಿಂದ ಅವರು ವಿವರಿಸತೊಡಗುತ್ತಾರೆ: ಪಾಪ ಮಾಡದವನಿಗೆ ಕಷ್ಟ ಬರುವುದಿಲ್ಲ, ನಿನ್ನಲ್ಲೇ ಏನೋ ಇರಬೇಕು. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ದೇವರನ್ನೇ ಪ್ರಶ್ನಿಸಿದ ಯೋಬನ ಮೇಲಲ್ಲ, ಹೀಗೆ ವಿವರಿಸಿದ ಈ ಸ್ನೇಹಿತರ ಮೇಲೆ. 'ಎಲ್ಲ ದೇವರ ಚಿತ್ತ', 'ದೇವರಿಗೆ ಒಳ್ಳೆಯವರೇ ಬೇಕು', 'ಇನ್ನೊಂದು ಮಗು ಆಗುತ್ತದೆ ಬಿಡಿ' ಎಂಬ ಮಾತುಗಳು ಒಳ್ಳೆಯ ಮನಸ್ಸಿನಿಂದಲೇ ಬಂದರೂ ಆ ಮೂವರ ಸಾಲಿಗೇ ಸೇರುತ್ತವೆ. ಇಂಗ್ಲೆಂಡಿನ ಸಿ. ಎಸ್. ಲೂಯಿಸ್ ದುಃಖದ ಸಮಸ್ಯೆಯನ್ನು ತರ್ಕದಿಂದ ಬಿಡಿಸಿ ಹೆಸರು ಪಡೆದ ಕ್ರೈಸ್ತ ಲೇಖಕ. ಪತ್ನಿ ತೀರಿಕೊಂಡ ಮೇಲೆ ಬರೆದ ಪುಸ್ತಕವನ್ನು ಮಾತ್ರ 1961ರಲ್ಲಿ ಬೇರೊಂದು ಹೆಸರಿನಲ್ಲಿ ಹೊರತಂದನು, ಅದರಲ್ಲಿ ಆ ಹಿಂದಿನ ತರ್ಕ ಅವನಿಗೇ ಆಸರೆಯಾಗುವುದಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಮನೆಯವರು ಅನ್ನ ಸಾರು ತಂದು, ಒಲ್ಲೆನೆಂದವರಿಗೂ ಎರಡು ತುತ್ತು ಉಣ್ಣಿಸುತ್ತಾರೆ. ಪಾದ್ರಿಯವರ ಪ್ರಸಂಗಕ್ಕಿಂತ ಮೊದಲು ಬಂದು ಮುಟ್ಟುವ ಸಹಾಯಕ ಆ ಪಾತ್ರೆಯೇ. ಈ ಭಾಗದ ಹಳ್ಳಿಗಳಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟಿರುವಲ್ಲಿ ಪಾತ್ರೆ ತರುವವರು ಬೇರೆ ಮತದವರೇ ಆಗಿರುತ್ತಾರೆ. 2020ರಲ್ಲಿ ಕೊರೊನಾ ಕಾರಣದಿಂದ ಶವಸಂಸ್ಕಾರಕ್ಕೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರಬಾರದೆಂದು ಸರ್ಕಾರ ಮಿತಿ ಹಾಕಿದಾಗ ಜನ ಫೋನಿನಲ್ಲೇ ಮಾತನಾಡಿಸಿದರು. ಹೇಳಬೇಕಾದ ಮಾತೆಲ್ಲ ಫೋನಿನಲ್ಲಿ ಮುಟ್ಟಿತು, ಆದರೂ ಮಾತನಾಡಿಸಿದಂತಾಗಲಿಲ್ಲ. ಮಾತನಾಡಿಸಿ ಬರುವುದೆಂದರೆ ಮಾತಲ್ಲವೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಕನ್ನಡಿಗರಲ್ಲಿ ಇನ್ನೊಂದು ನಡವಳಿಕೆ ಇದೆ. ಯಾವ ಮನೆಯಿಂದ ಹೊರಟರೂ 'ಹೋಗಿ ಬರುತ್ತೇವೆ' ಎನ್ನುವ ಜನ ಸಾವಿನ ಮನೆಯಿಂದ ಹೊರಡುವಾಗ ಆ ಮಾತನ್ನಾಡುವುದಿಲ್ಲ. ಇಂತಹ ಕಾರಣಕ್ಕೆ ಮತ್ತೆ ಬರುವಂತಾಗದಿರಲೆಂದು ಸುಮ್ಮನೆ ಎದ್ದು, ಚಪ್ಪಲಿ ಮೆಟ್ಟಿ, ಹೊರಟುಬಿಡುತ್ತಾರೆ. ಕ್ರೈಸ್ತ ಕುಟುಂಬಗಳೂ ಈ ನಡವಳಿಕೆಯನ್ನು ಬಿಟ್ಟಿಲ್ಲ, ಬಿಡಬೇಕೆಂದು ಯಾರೂ ಹೇಳಿಲ್ಲ. ಆದರೆ ಕಥೋಲಿಕರ 1969ರ ವಿಧಿಯಲ್ಲಿ ಹಳೆಯ ಪಾಪವಿಮೋಚನೆಯ ಪ್ರಾರ್ಥನೆಯನ್ನು ತೆಗೆದು ಅದರ ಸ್ಥಾನದಲ್ಲಿ ಅಂತಿಮ ಬೀಳ್ಕೊಡುಗೆ ಎಂಬ ಭಾಗವನ್ನು ಇರಿಸಲಾಗಿದೆ. ಗುರುಗಳು ಶವಪೆಟ್ಟಿಗೆಗೆ ತೀರ್ಥ ಚಿಮುಕಿಸಿ, ಧೂಪ ಹಾಕಿ, ಮತ್ತೆ ಭೇಟಿಯಾಗುವ ನಿರೀಕ್ಷೆಯಿಂದ ಸತ್ತವರನ್ನು ದೇವರ ಕೈಗೆ ಒಪ್ಪಿಸುತ್ತಾರೆ. ಮನೆಯಲ್ಲಿ ಉಳಿದವರಿಗೆ ಹೇಳದೆ ಬಿಟ್ಟ ಆ ಮಾತನ್ನು, ಸಮಾಧಿಗೆ ಹೊರಡುವ ಮುನ್ನ, ಹೊರಟುನಿಂತವರಿಗೆ ಹೇಳಲಾಗುತ್ತದೆ: ಹೋಗಿ ಬನ್ನಿ.